ಹೊನ್ನಿ ಮನೆಯ ಹೆಪ್ಪು

ಇದನ್ನು ಪೂರ್ತಿ ಕೇಳಿಬಿಡಿ, ದಮ್ಮಯ್ಯ. ನಡುವೆ ಎದ್ದು ಒಲೆ ಮೇಲೆ ಹಾಲಿಡಬೇಡಿ, ‘ಅಯ್ಯೋ, ಮೀನಿನ ಕಥೆ ತಾನೆ’ ಎಂದು ಮೂಗು ಮುರಿಯಬೇಡಿ. ಮೀನಿನ ಕಥೆಯೇ ಹೌದು. ಆದರೆ ಇದರೊಳಗೆ ಒಂದು ಕಬಡ್ಡಿ ಫೈನಲ್ ಇದೆ, ನಮ್ಮಕ್ಕನ ಗಂಟಲಿದೆ, ದೊಡ್ಡಮ್ಮನ ಬ್ಲೀಚಿಂಗ್ ಪೌಡರ್ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಅಂಗೈಯಗಲದ ಒಂದು ಕೊಳಕು ಸ್ಪಂಜಿನ ತುಂಡಿದೆ. ಗೆದ್ದದ್ದು ಆ ತುಂಡೇ ಎಂದು ನಾನು ಇವತ್ತಿಗೂ ವಾದ ಮಾಡುತ್ತೇನೆ. ಅಕ್ಕ ಒಪ್ಪುವುದಿಲ್ಲ, ‘ಕಾಲು ಕಿತ್ತುಹೋಗೋ ಹಾಗೆ ಎಳೆದಾಡಿದ್ದು ನಾನು, ಹೆಸರು ಸ್ಪಂಜಿಗಾ?’ ಎನ್ನುತ್ತಾಳೆ. ನೀವೇ ಕೇಳಿ ತೀರ್ಮಾನ ಮಾಡಿ.

ನಮ್ಮೂರಿನಲ್ಲಿ ಒಂದು ಮನೆಯವರ ದನಿ ಆ ಮನೆಯ ಮೀನಿನ ತೊಟ್ಟಿಯನ್ನು ನಂಬಿಕೊಂಡಿರುತ್ತದೆ. ಮೀನು ಗೆಲುವಾಗಿದ್ದರೆ ಮನೆಯವರ ದನಿಯೂ ಗೆಲುವು. ಮೀನು ಮಂಕಾದರೆ ಎಲ್ಲರ ಗಂಟಲೂ ಕೂರುತ್ತದೆ. ಆದ್ದರಿಂದ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಆಮೇಲೆ ನೋಡುತ್ತಾರೆ, ಮೊದಲು ಹಜಾರದ ತೊಟ್ಟಿಯ ಮುಂದೆ ಬಗ್ಗುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವ ಕಂಡಕ್ಟರ್ ತಾನು ತಿಂಡಿ ತಿನ್ನುವ ಮೊದಲು ಮೀನಿಗೆ ಹಾಕಿ ಬರುತ್ತಾನೆ. ಪದ್ಯ ಬಾಯಿಪಾಠ ಮಾಡದ ಮಕ್ಕಳು ‘ಮೀನಿಗೆ ಹುಷಾರಿಲ್ಲ ಮಿಸ್’ ಎಂದು ಪಿಸುಗುಟ್ಟುತ್ತವೆ, ‘ಆಟಕ್ಕೆ ಬಿಟ್ಟಾಗ ಹುಷಾರಾಗಿತ್ತಲ್ಲ?’ ಎಂದು ಮಿಸ್ಸು ಕಿವಿ ಹಿಂಡುತ್ತಾರೆ. ಹೊಸ ಸೊಸೆ ಬಂದು ಮೂರು ಹೊತ್ತು ಉಂಡರೆ ಅವಳ ದನಿ ಗಂಡನ ಮನೆಯ ತೊಟ್ಟಿಗೆ ಬಂದು ಸೇರುತ್ತದೆ. ನೆಂಟರದ್ದೂ ಹಾಗೆಯೇ. ಜಗಳಗಂಟಿ ನೆಂಟರು ಬಂದರೆ ಕೆಲವರು ತೊಟ್ಟಿಗೆ ಕಂಬಳಿ ಹೊದಿಸಿಡುವುದೂ ಉಂಟು. ಇನ್ನೊಂದು ಕಟ್ಟು ಇದೆ. ತೊಟ್ಟಿಯಲ್ಲಿದ್ದದ್ದು ಯಾವುದೂ ಹೊಸಿಲು ದಾಟಿ ಬೇರೆ ಮನೆಗೆ ಹೋಗಕೂಡದು. ಒಂದು ಲೋಟ ನೀರಾಗಲಿ, ಒಂದು ಬೆಣಚುಕಲ್ಲಾಗಲಿ, ಕೊಟ್ಟರೆ ನಿಮ್ಮ ದನಿಯನ್ನೇ ಹರಿದು ಕೊಟ್ಟ ಹಾಗೆ.

ನಮ್ಮ ಮನೆಯ ತೊಟ್ಟಿ ನನ್ನ ಪಾಲಿನದು. ಬುದ್ಧಿ ಬಂದಾಗಿನಿಂದ ಅದರ ಮುಂದೆಯೇ ಬೆಳೆದವಳು ನಾನು. ಕಾಲೇಜಿನಲ್ಲಿ ನನ್ನನ್ನು ಪಾರಿಜಾತ ಎನ್ನುವುದಿಲ್ಲ, ಮೀನ್ ಪಾರಿ ಎನ್ನುತ್ತಾರೆ. ಸಂತೋಷವಾಗಿ ಓಗೊಡುತ್ತೇನೆ. ತೊಟ್ಟಿಯಲ್ಲಿ ಆರೇಳು ಗೋಲ್ಡ್ ಫಿಶ್ ಇವೆ, ಅವುಗಳಲ್ಲಿ ದಪ್ಪನೆಯದಕ್ಕೆ, ಕನ್ನಡಕದ ಹಿಂದಿನಿಂದ ನೋಡಿದ ಹಾಗೆ ನೋಡುವುದಕ್ಕೆ, ಹೆಡ್ಮೇಷ್ಟ್ರು ಎಂದು ಹೆಸರು. ನೋಡುವವರೆಲ್ಲ ಮೀನು ನೋಡುತ್ತಾರೆ. ನಾನು ಮಾತ್ರ ಹಿಂದುಗಡೆ ನೇತುಹಾಕಿದ ಫಿಲ್ಟರ್ ಡಬ್ಬ ನೋಡುತ್ತೇನೆ. ಅದರೊಳಗೆ ಒಂದು ದಪ್ಪ ಸ್ಪಂಜು, ಒಂದು ಬಲೆ ಚೀಲದ ತುಂಬ ಪಿಂಗಾಣಿಯ ಪುಟ್ಟ ಪುಟ್ಟ ಬಳೆಗಳು. ಮೀನು ತಿಂದು, ಹೇತು, ಉಚ್ಚೆ ಹೊಯ್ದು ನೀರಿಗೆ ಬಿಡುವುದೆಲ್ಲ ವಿಷ. ಆ ವಿಷವನ್ನು ತಿಂದು ಅರಗಿಸಿಕೊಳ್ಳುವ, ಕಣ್ಣಿಗೆ ಕಾಣದ ಕೋಟಿ ಜೀವಗಳು ಆ ಸ್ಪಂಜಿನ ತೂತುತೂತಿನಲ್ಲೂ ಸಂಸಾರ ಹೂಡಿಕೊಂಡಿರುತ್ತವೆ. ಪಂಪು ನೀರನ್ನು ತಳ್ಳುತ್ತದೆ, ಅಷ್ಟೆ. ನೀರನ್ನು ಬದುಕಿಸುವುದು ಆ ಜೀವಗಳು.

ಅಮ್ಮನಿಗೆ ಇದನ್ನು ಹೇಗೆ ಅರ್ಥ ಮಾಡಿಸುವುದೆಂದು ತಿಳಿಯದೆ ಒದ್ದಾಡುತ್ತಿದ್ದೆ. ಅವಳೇ ಒಂದು ದಿನ ಮೊಸರಿನ ಪಾತ್ರೆಯ ತಳ ಕೆರೆಯುತ್ತ, ‘ಓ, ಹೆಪ್ಪಿದ್ದ ಹಾಗೆ ಅನ್ನು’ ಎಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಹೆಪ್ಪನ್ನು ಯಾರಾದರೂ ಸೋಪು ಹಾಕಿ ತೊಳೆಯುತ್ತಾರೆಯೇ? ಆದ್ದರಿಂದ ಸ್ಪಂಜು ಕಟ್ಟಿಕೊಂಡಾಗ ತೊಟ್ಟಿಯದೇ ಒಂದು ಬಕೆಟ್ ನೀರು ತೆಗೆದು, ಅದರಲ್ಲಿ ಮೆಲ್ಲಗೆ ಎರಡು ಸಲ ಹಿಂಡಿ ಮತ್ತೆ ಇಡುತ್ತಿದ್ದೆ. ಸ್ಪಂಜು ಹಿಂಡಿದ ವಾರ ಬಳೆಗಳನ್ನು ಮುಟ್ಟುತ್ತಿರಲಿಲ್ಲ. ಸ್ಪಂಜು ಹಳತಾಗಿ ಪುಡಿಯಾಗತೊಡಗಿದರೆ ಹೊಸದನ್ನು ತಂದು ಹಳೆಯದರ ಪಕ್ಕದಲ್ಲಿ ಒತ್ತರಿಸಿ, ಹಳೆಯದರ ಜೀವ ಹೊಸದಕ್ಕೆ ಇಳಿಯುವವರೆಗೆ ಕಾಯುತ್ತಿದ್ದೆ. ಸೊಸೆ ಬಂದ ದಿನವೇ ಅತ್ತೆಯನ್ನು ಹೊರಗೆ ಹಾಕಿದರೆ ಅಡುಗೆಮನೆ ನಡೆಯುತ್ತದೆಯೇ? ಹಾಗೆ.

ಈಗ ಅಕ್ಕ. ಗುಣಶೀಲ ಅಂತ ಹೆಸರು, ಎಲ್ಲರಿಗೂ ಗುಣಿ. ಹುಣಸೆಮರದ ಬೀದಿಯ ಹುಡುಗಿಯರ ಕಬಡ್ಡಿ ತಂಡಕ್ಕೆ ಅವಳೇ ರೇಡರ್. ಕಬಡ್ಡಿಯಲ್ಲಿ ಕಾಲು ಎಷ್ಟು ಮುಖ್ಯವೋ ದನಿಯೂ ಅಷ್ಟೇ ಮುಖ್ಯ, ನಿಮಗೇ ಗೊತ್ತಲ್ಲ. ಎದುರಾಳಿಯ ಅಂಗಳಕ್ಕೆ ಹೋದವಳು ಗೆರೆ ದಾಟಿ ವಾಪಸು ಬರುವವರೆಗೆ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತಿರಬೇಕು, ಅಂಪೈರ್ ಕಿವಿಗೆ ಬೀಳುವ ಹಾಗೆ. ದನಿ ನಿಂತರೆ ನೀನು ಔಟು. ಹಿಂದಿನ ವರ್ಷ ಗಾಣದ ಬೀದಿಯ ತಂಡದ ಎದುರಿನ ಫೈನಲ್‌ನಲ್ಲಿ, ಕೊನೆಯ ರೇಡಿನಲ್ಲಿ, ಇನ್ನೇನು ಗೆರೆ ಮುಟ್ಟಬೇಕು ಅನ್ನುವಾಗ ಅಕ್ಕನಿಗೆ ಕೆಮ್ಮು ಬಂತು. ದಮ್ಮು ಮುರಿಯಿತು. ಅವತ್ತಿನಿಂದ ಊರೆಲ್ಲ ಅವಳಿಗೆ ಅರ್ಧದಮ್ಮಿನ ಗುಣಿ ಎಂದು ಹೆಸರಿಟ್ಟಿತು. ಬಾಳೆಹಣ್ಣಿನ ಗಾಡಿಯವನು ಕೂಡ, ‘ಅರ್ಧ ಡಜನ್ ಸಾಕಾ ಅರ್ಧದಮ್ಮು?’ ಎನ್ನುತ್ತಿದ್ದ. ಅಕ್ಕ ನಗುತ್ತ ಹಣ್ಣು ತೆಗೆದುಕೊಂಡು ಬಂದು, ಹಿತ್ತಲಲ್ಲಿ ಕುಳಿತು, ಒಂದನ್ನೂ ತಿನ್ನದೆ ಎಲ್ಲವನ್ನೂ ಹಸುವಿಗೆ ಹಾಕುತ್ತಿದ್ದಳು. ಈ ವರ್ಷ ಮತ್ತೆ ಅದೇ ಗಾಣದ ಬೀದಿಯ ಮೇಲೆ ಫೈನಲ್. ಭಾನುವಾರ. ಅವಳಿಗೆ ಬೇಕಾಗಿದ್ದದ್ದು ಕಪ್ಪಲ್ಲ. ಆ ಹೆಸರು ಹೋಗಬೇಕಾಗಿತ್ತು.

ಫೈನಲ್ ವಾರದಲ್ಲಿ ಹುಡುಗಿಗೆ ಕೈತುಂಬ ಬಡಿಸಬೇಕೆಂದು ದೊಡ್ಡಮ್ಮ ಬಂದರು. ಸರ್ವಮಂಗಳ ದೊಡ್ಡಮ್ಮನಿಗೆ ಎರಡೇ ಹುಚ್ಚು. ಒಂದು ಬೈಯುವುದು, ಇನ್ನೊಂದು ತೊಳೆಯುವುದು. ಬೈಯುತ್ತ ತೊಳೆಯುವುದು ಸಿಕ್ಕಿಬಿಟ್ಟರೆ ಅವರಿಗೆ ಹಬ್ಬ. ಬಂದ ಮಾರನೆಯ ದಿನ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಬಾಗಿಲು, ಕಿಟಕಿ, ಅಪ್ಪನ ಹೊಲಿಗೆ ಮೆಷೀನು ಎಲ್ಲವೂ ಫಳಫಳ. ಮಾಳಿಗೆಯ ಮೇಲೆ ಹಪ್ಪಳ ಒಣಗುತ್ತಿದ್ದವು. ಹಪ್ಪಳದ ಸಾಲಿನ ಕೊನೆಯಲ್ಲಿ, ಉರಿಬಿಸಿಲಿನಲ್ಲಿ, ನನ್ನ ಸ್ಪಂಜು. ಪಕ್ಕದಲ್ಲಿ ಹಲ್ಲು ಉದುರಿಸಿಟ್ಟ ಹಾಗೆ ಬೆಳ್ಳಗೆ ಪಿಂಗಾಣಿ ಬಳೆಗಳು.

‘ದೊಡ್ಡಮ್ಮಾ!’ ಎಂದೆ. ಅದೇ ನಾನು ಆ ವಾರ ಕಿರುಚಿದ ಕೊನೆಯ ಕಿರುಚು.

‘ಏನೇ ಅದು, ಹಾವು ಕಂಡವಳ ಹಾಗೆ? ಆ ಹಿಂದುಗಡೆ ಡಬ್ಬ ತೆಗೆದು ನೋಡ್ದೆ, ಥೂ, ಒಂದು ವರ್ಷದ ಕೊಚ್ಚೆ! ಎರಡು ಗಂಟೆ ಬ್ಲೀಚಿಂಗ್ ಪೌಡರಲ್ಲಿ ನೆನೆಹಾಕಿ, ನಲ್ಲಿ ಕೆಳಗೆ ಕುಕ್ಕಿ ಕುಕ್ಕಿ ತೊಳೆದಿದ್ದೀನಿ. ಮೂಸಿ ನೋಡು, ಮಲ್ಲಿಗೆ.’

‘ದೊಡ್ಡಮ್ಮ, ಅದು ಕೊಚ್ಚೆ ಅಲ್ಲ. ಅದು ಹೆಪ್ಪು. ಎಲ್ಲ ಸತ್ತುಹೋಯ್ತು.’

‘ಸಾಯ್ಲಿ ಬಿಡು. ಸಾಯ್ಲಿ ಅಂತಾನೇ ತೊಳೆಯೋದು.’

ತೊಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಂದೆಂದೂ ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಅಪ್ಪ ಬಂದು ನೋಡಿ, ‘ಪರವಾಗಿಲ್ವೇ, ನಿಮ್ಮ ದೊಡ್ಡಮ್ಮನ ಕೈ ಅಂದ್ರೆ ಕೈ’ ಎಂದರು. ನಾನು ಬಿಕ್ಕುತ್ತ ಸತ್ತ ಸ್ಪಂಜನ್ನು ಮತ್ತೆ ಡಬ್ಬದೊಳಗೆ ಇಟ್ಟು, ಹಂಡೆಯಲ್ಲಿ ಹಿಂದಿನ ದಿನ ತುಂಬಿಟ್ಟ ಹಳೆ ನೀರು ಹಾಕಿ, ಮೀನಿಗೆ ಕಾಳು ನಿಲ್ಲಿಸಿದೆ. ನೀರಿನ ವಿಷ ಅಷ್ಟರಿಂದಲೇ ನಿಲ್ಲುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು.

ಮಂಗಳವಾರ ಹೆಡ್ಮೇಷ್ಟ್ರು ಮೂಲೆ ಹಿಡಿದ. ಬುಧವಾರ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಗಾಳಿ ಕಚ್ಚತೊಡಗಿದವು, ಕಿವಿರುಗಳು ಕೆಂಪಗೆ ಪಟಪಟ ಬಡಿಯುತ್ತಿದ್ದವು. ಅಪ್ಪನ ದನಿ ತಗಡು ಕೆರೆದ ಹಾಗಾಯಿತು. ಅಮ್ಮ ನನ್ನನ್ನು ಕೂಗುವುದು ಬಿಟ್ಟು ಸೌಟಿನಿಂದ ಪಾತ್ರೆ ಬಡಿದು ಕರೆಯತೊಡಗಿದಳು. ಅಕ್ಕ ಪ್ರಾಕ್ಟೀಸಿಗೆ ಹೋಗಿ ಅರ್ಧ ಗಂಟೆಯಲ್ಲೇ ಬಂದಳು, ಬಾಗಿಲಲ್ಲಿ ನಿಂತು ‘ಕಬ’ ಎಂದಳು, ‘ಡ್ಡಿ’ ಹೊರಡಲಿಲ್ಲ. ಶೂ ಬಿಚ್ಚದೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಾಜಿನ ಮೇಲೆ ಹಣೆ ಇಟ್ಟಳು. ದೊಡ್ಡಮ್ಮ ಮಾತ್ರ ಸೋಲಲಿಲ್ಲ. ಆದರೆ ಅವರೂ ನಮ್ಮ ಮನೆಯಲ್ಲಿ ಮೂರು ಹೊತ್ತಿಗಿಂತ ಹೆಚ್ಚು ಉಂಡವರು. ಹಾಲಿನವನಿಗೆ, ‘ಏನಪ್ಪಾ, ಹಾಲಿಗೆ ನೀರು ಹಾಕ್ತೀಯೋ, ನೀರಿಗೆ ಹಾಲು...’ ಎನ್ನುವಷ್ಟರಲ್ಲಿ ದನಿ ನಿಂತುಹೋಯಿತು. ಬಾಯಿ ಆಡುತ್ತಲೇ ಇತ್ತು. ಹಾಲಿನವನು ಸ್ವಲ್ಪ ಹೊತ್ತು ಕಾದು, ಕೈಮುಗಿದು, ಇದ್ದ ದೇವರಿಗೆಲ್ಲ ವಂದನೆ ಹೇಳಿಕೊಂಡು ಸೈಕಲ್ ಹತ್ತಿದ. ದೊಡ್ಡಮ್ಮ ಆಮೇಲೆ ಬಂದು ನನ್ನ ಪಕ್ಕದಲ್ಲಿ ನಿಂತರು. ತೊಟ್ಟಿ ನೋಡಿದರು, ಅಕ್ಕನ ಬೆನ್ನು ನೋಡಿದರು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

ಹೊಸ ಸ್ಪಂಜು ಪೇಟೆಯಲ್ಲಿ ಸಿಗುತ್ತಿತ್ತು. ತಂದೂ ಆಗಿತ್ತು. ಆದರೆ ಹೊಸ ಸ್ಪಂಜು ಎಂದರೆ ಬರೀ ಖಾಲಿ ಛತ್ರ. ಅದರಲ್ಲಿ ಜೀವ ತಾನಾಗಿ ಬಂದು ನೆಲೆಸಬೇಕೆಂದರೆ ತಿಂಗಳಾಗುತ್ತದೆ. ಭಾನುವಾರಕ್ಕೆ ದನಿ ಬೇಕೆಂದರೆ ಇರುವುದು ಒಂದೇ ದಾರಿ. ಚೆನ್ನಾಗಿರುವ ಒಂದು ಹಳೆ ತೊಟ್ಟಿಯ ಹಳೆ ಸ್ಪಂಜು, ತುಂಡಾದರೂ ಸರಿ, ಒದ್ದೆ ಆರುವ ಮುಂಚೆ ತಂದು ನಮ್ಮ ಡಬ್ಬದಲ್ಲಿ ಇಡಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆದರೆ ತೊಟ್ಟಿಯದ್ದು ಹೊಸಿಲು ದಾಟದ ಊರಿನಲ್ಲಿ ಯಾರು ಕೊಡುತ್ತಾರೆ? ಬೀದಿಯ ಮೂರು ಮನೆಯ ಮುಂದೆ ನಿಂತು ಕೈಸನ್ನೆಯಲ್ಲಿ ಕೇಳಿದೆ. ಮೂವರೂ ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಮಾತಾಡಿದರು. ‘ಬೇರೆ ಏನಾದ್ರೂ ಕೇಳಮ್ಮ, ಕಿಡ್ನಿ ಬೇಕಾದ್ರೂ ಕೇಳು’ ಎಂದರು ಮೂಲೆಮನೆಯ ವಕೀಲರು. ಅವರ ಸಂಪಾದನೆಯೆಲ್ಲ ದನಿಯಲ್ಲೇ.

ಊರಿನಲ್ಲಿ ಅತ್ಯಂತ ಹಳೆಯ ಸ್ಪಂಜು ಯಾರ ಮನೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಗಾಣದ ಬೀದಿಯಲ್ಲಿ, ಹೊನ್ನಿಯ ಮನೆಯಲ್ಲಿ. ಹೊನ್ನಿಯ ತಾತ ನನಗಿಂತ ದೊಡ್ಡ ಮೀನು ಹುಚ್ಚರು, ಅವರ ತೊಟ್ಟಿ ನೋಡಲೆಂದೇ ಚಿಕ್ಕಂದಿನಲ್ಲಿ ಅವರ ಕಿಟಕಿಗೆ ನೇತಾಡಿದ್ದೇನೆ. ಹೊನ್ನಿ ಯಾರು ಅಂದಿರಾ? ಗಾಣದ ಬೀದಿಯ ರೇಡರ್. ಹಿಂದಿನ ವರ್ಷ ಅಕ್ಕನ ಕಾಲು ಹಿಡಿದು ನಿಲ್ಲಿಸಿದವಳು. ಭಾನುವಾರ ಅಕ್ಕನ ಎದುರು ನಿಲ್ಲಬೇಕಾದವಳು.

ಗುರುವಾರ ಬೆಳಗ್ಗೆ ಏಳುತ್ತಲೇ ನನ್ನ ಗಂಟಲಲ್ಲಿ ಇನ್ನು ಎಷ್ಟು ದನಿ ಉಳಿದಿದೆ ಎಂದು ಅಂದಾಜು ಮಾಡಿಕೊಂಡೆ. ಡಬ್ಬಿಯ ತಳದಲ್ಲಿ ಉಳಿದ ಸಕ್ಕರೆಯಷ್ಟು, ಎರಡು ಮಾತಿಗಾಗಬಹುದು. ಅದನ್ನು ಖರ್ಚು ಮಾಡಲಿಲ್ಲ. ಅಮ್ಮ ಪಾತ್ರೆ ಬಡಿದರೆ ತಲೆಯಾಡಿಸಿದೆ, ಗೆಳತಿ ಕರೆದರೆ ಕೈಬೀಸಿದೆ, ಕಾಲಿಗೆ ಕಲ್ಲೆಡವಿದಾಗ ಅಯ್ಯೋ ಅನ್ನಲಿಲ್ಲ. ಹೊಸ ಸ್ಪಂಜನ್ನು ಸ್ಟೀಲ್ ಬಟ್ಟಲಲ್ಲಿಟ್ಟು ಮುಚ್ಚಿಕೊಂಡು, ಹೊತ್ತು ಮುಳುಗುವ ಮುಂಚೆಯೇ ಗಾಣದ ಬೀದಿಗೆ ಹೋದೆ. ಹೊತ್ತು ಯಾಕೆ ಮುಖ್ಯವೆಂದು ಮುಂದೆ ಹೇಳುತ್ತೇನೆ.

ತಾತ ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದರು. ಹೊನ್ನಿ ಅಂಗಳದಲ್ಲಿ ಹಗ್ಗ ಹಾರುತ್ತಿದ್ದವಳು ನನ್ನನ್ನು ಕಂಡು ನಿಂತಳು.

‘ಏನಮ್ಮಾ ಮೀನ್ ಪಾರಿ, ನಿಮ್ಮಕ್ಕ ಕಳಿಸಿದ್ಲಾ, ನನ್ನ ದಮ್ಮು ಎಷ್ಟಿದೆ ನೋಡ್ಕೊಂಡು ಬಾ ಅಂತ?’

ನಾನು ಅವಳ ಕಡೆ ನೋಡಲಿಲ್ಲ. ತಾತನ ಮುಂದೆ ಹೋಗಿ ನಿಂತು, ಬಟ್ಟಲು ಮುಂದೆ ಹಿಡಿದು, ಉಳಿಸಿಟ್ಟ ದನಿಯನ್ನೆಲ್ಲ ಕೂಡಿಸಿ ಅಂದೆ: ‘ತಾತ, ಹೆಪ್ಪು ಕೊಡಿ.’

ಅಷ್ಟೇ. ಮುಗಿಯಿತು. ‘ಡಿ’ ಬಾಯಿಂದ ಹೊರಟದ್ದು ನನಗೇ ಕೇಳಿಸಲಿಲ್ಲ.

ತಾತ ಅಡಕತ್ತರಿ ಕೆಳಗಿಟ್ಟರು. ‘ಹೆಪ್ಪಾ? ಒಳಗೆ ಹೋಗಿ ಇವಳಮ್ಮನ್ನ ಕೇಳು ಮಗಾ, ಕೊಡ್ತಾಳೆ.’ ನಾನು ಅದಲ್ಲ ಎಂದು ತಲೆಯಾಡಿಸಿ, ಬಟ್ಟಲಿನ ಮುಚ್ಚಳ ತೆಗೆದು, ಹೊಸ ಸ್ಪಂಜು ತೋರಿಸಿ, ಕಿಟಕಿಯೊಳಗೆ ಕಾಣುತ್ತಿದ್ದ ಅವರ ತೊಟ್ಟಿಯ ಕಡೆಗೆ ಬೆರಳು ಮಾಡಿದೆ. ಆಮೇಲೆ ನನ್ನ ಗಂಟಲು ಮುಟ್ಟಿ ತೋರಿಸಿದೆ. ತಾತನ ಹುಬ್ಬು ಮೇಲೇರಿತು.

ನಮ್ಮೂರಿನಲ್ಲಿ ಇನ್ನೊಂದು ಕಟ್ಟೂ ಇದೆ, ನಿಮ್ಮೂರಿನಲ್ಲೂ ಇರಬಹುದು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು, ಆದರೆ ಹಗಲಿನಲ್ಲಿ ಹೆಪ್ಪು ಕೇಳಿ ಬಂದವರಿಗೆ ಶತ್ರುವಾದರೂ ಇಲ್ಲ ಅನ್ನಬಾರದು. ಅಂದರೆ ಆ ಮನೆಯಲ್ಲಿ ಮತ್ತೆ ಹಾಲು ಹೆಪ್ಪುಗಟ್ಟುವುದಿಲ್ಲ ಎನ್ನುತ್ತಾರೆ. ಬಿಸಿಲು ಇನ್ನೂ ಜಗಲಿಯ ಕಂಬದ ಅರ್ಧಕ್ಕಿತ್ತು.

‘ಎಲಾ ಇವಳಾ!’ ಎಂದರು ತಾತ. ‘ತೊಟ್ಟಿದು ಹೊಸಿಲು ದಾಟಬಾರ್ದು ಅಂತ ಒಂದು. ಹೆಪ್ಪು ಕೇಳಿದ್ರೆ ಇಲ್ಲ ಅನ್ನಬಾರ್ದು ಅಂತ ಒಂದು. ಎರಡನ್ನೂ ತಂದು ನನ್ನ ತೊಡೆ ಮೇಲೆ ಹಾಕ್ಬಿಟ್ಳಲ್ಲ! ಸ್ಪಂಜು ಹೆಪ್ಪು ಹೌದೋ ಅಲ್ವೋ?’ ತಮಗೆ ತಾವೇ ಕೇಳಿಕೊಂಡು, ಸ್ವಲ್ಪ ಹೊತ್ತು ಅಡಿಕೆ ಅಗಿದು, ‘ಹೌದು. ಹೆಪ್ಪಲ್ದೆ ಮತ್ತೇನು’ ಎಂದರು. ‘ಆದ್ರೆ ಭಾನುವಾರ ಆಡೋಳು ನಾನಲ್ಲ. ಅರ್ಧ ಕೊಟ್ರೆ ನಮ್ಮ ದನೀನೂ ಒಂದು ವಾರ ಸ್ವಲ್ಪ ಇಳಿಯುತ್ತೆ. ಹೊನ್ನಿ, ನೀನೇ ಹೇಳು.’

ಹೊನ್ನಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಬಂದು ನನ್ನ ಮುಂದೆ ನಿಂತಳು. ‘ಗುಣಿಗೂ ಹಿಂಗೇ ಆಗಿದ್ಯಾ?’

ತಲೆಯಾಡಿಸಿದೆ.

‘ಒಂದು ಕಬಡ್ಡಿ ಅನ್ನಕ್ಕೂ ಆಗಲ್ವಾ?’

ಇಲ್ಲ ಎಂದು ತಲೆಯಾಡಿಸಿದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು, ತಡೆಯಲು ಆಗಲಿಲ್ಲ.

ಹೊನ್ನಿ ಬೀದಿಯ ಕಡೆ ನೋಡಿದಳು. ಯಾರೂ ಇರಲಿಲ್ಲ. ಸುಮ್ಮನೆ ಹೋಗು ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಹೋದ ವರ್ಷ ಅವಳಿಗೆ ಕೆಮ್ಮು ಬಂತು ಅಂತ ನಾನು ಗೆದ್ದೆ’ ಎಂದಳು. ‘ಈ ವರ್ಷ ಮೂಗಿ ಅಂತ ಗೆಲ್ಲಬೇಕಾ? ಹೋದಲ್ಲೆಲ್ಲ ಕೇಳ್ತಾರೆ, ಅವಳಿಗೆ ಹುಷಾರಿದ್ದಿದ್ರೆ ಗೆಲ್ತಿದ್ಯಾ ಅಂತ. ಥೂ, ಸಾಕಾಗಿದೆ. ಕೊಡು ತಾತ. ಗಟ್ಟಿಯಾಗಿ ಕಬಡ್ಡಿ ಕಬಡ್ಡಿ ಅಂತ ಅವಳು ಬಡ್ಕೊಳ್ತಿರಬೇಕು, ನಾನು ಅವಳ ಕಾಲು ಹಿಡಿದು ಮಣ್ಣು ಮುಕ್ಕಿಸಬೇಕು. ಹಾಗಂತ ಹೇಳು ನಿಮ್ಮಕ್ಕಂಗೆ.’

ತಾತ ಒಳಗೆ ಹೋಗಿ, ಅಂಗಿಯ ತೋಳು ಮಡಚಿ, ಫಿಲ್ಟರ್ ಡಬ್ಬಕ್ಕೆ ಕೈ ಹಾಕಿದರು. ಕಾಫಿ ಚರಟದ ಬಣ್ಣದ, ಲೋಳೆ ಲೋಳೆಯಾದ ಸ್ಪಂಜು ಮೇಲೆ ಬಂತು. ನನ್ನ ಕಣ್ಣಿಗೆ ಅದರಷ್ಟು ಚೆಲುವಾದದ್ದು ಬೇರೆ ಕಾಣಲಿಲ್ಲ. ಕತ್ತರಿಯಿಂದ ಸರಿಯಾಗಿ ಅರ್ಧ ಮಾಡಿ, ಒಂದು ಹಿತ್ತಾಳೆ ಡಬ್ಬಿಯಲ್ಲಿ ತೊಟ್ಟಿಯ ನೀರು ತುಂಬಿ, ಅದರಲ್ಲಿ ಮುಳುಗಿಸಿ ಕೊಟ್ಟರು. ನನ್ನ ಹೊಸ ಸ್ಪಂಜನ್ನು ಅರ್ಧ ಕತ್ತರಿಸಿ ತಮ್ಮ ಉಳಿದರ್ಧದ ಪಕ್ಕಕ್ಕೆ ಒತ್ತಿದರು. ‘ಓಡು. ಬಿಸಿಲಿಗೆ ಹಿಡೀಬೇಡ. ಮತ್ತೆ, ಡಬ್ಬಿ ಖಾಲಿ ವಾಪಸ್ ತರಬೇಡ’ ಎಂದು ನಕ್ಕರು.

ಓಡಿದೆ. ಮದುವೆ ಮನೆಯಿಂದ ತಾಳಿ ಕದ್ದವಳ ಹಾಗೆ ಡಬ್ಬಿಯನ್ನು ಎದೆಗವಚಿಕೊಂಡು ಓಡಿದೆ. ಮನೆಯಲ್ಲಿ ಮೊದಲ ಕೆಲಸ, ದೊಡ್ಡಮ್ಮ ತೊಳೆದ ಸ್ಪಂಜನ್ನು ತೆಗೆದು ಹೊಸದರ ಉಳಿದರ್ಧ ಇಟ್ಟೆ, ಅದರ ಮುಂದೆ, ನೀರು ಮೊದಲು ಹಾಯುವ ಕಡೆ, ಹೊನ್ನಿ ಮನೆಯ ತುಂಡು. ಅಕ್ಕ ಹಿತ್ತಾಳೆ ಡಬ್ಬಿಯ ಮೇಲಿನ ಹೆಸರು ಓದಿ ಕಣ್ಣು ಕೆಂಪು ಮಾಡಿಕೊಂಡಳು. ಬಾಯಿ ಬಾರದ ಜಗಳ ನೋಡಿದ್ದೀರಾ? ಅವಳು ಬೆರಳಾಡಿಸಿದಳು, ನಾನು ಬೆರಳಾಡಿಸಿದೆ, ಅವಳು ತಲೆದಿಂಬು ಎಸೆದಳು, ನಾನೂ ಎಸೆದೆ. ಕೊನೆಗೆ ಹೊನ್ನಿಯ ಮಾತನ್ನು ಅಭಿನಯಿಸಿ ತೋರಿಸಿದೆ, ಕಾಲು ಹಿಡಿದು ಮಣ್ಣು ಮುಕ್ಕಿಸುವುದು ಎಲ್ಲ. ಅಕ್ಕ ಎಸೆಯಲು ಎತ್ತಿದ ದಿಂಬನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಶೂ ಹಾಕಿಕೊಂಡು ಹಿತ್ತಲಿಗೆ ಹೋಗಿ, ದನಿಯಿಲ್ಲದೆಯೇ ಹುಣಸೆಮರವನ್ನು ಮುಟ್ಟಿ ಮುಟ್ಟಿ ಬರತೊಡಗಿದಳು.

ನಾನು ಬೆಳಗ್ಗೆ ಒಂದಷ್ಟು, ಸಂಜೆ ಒಂದಷ್ಟು ನೀರು ಬದಲಾಯಿಸುತ್ತ ತೊಟ್ಟಿಯ ಮುಂದೆಯೇ ಬಿದ್ದುಕೊಂಡೆ. ಶುಕ್ರವಾರ ಮೀನುಗಳು ಮೇಲಿನಿಂದ ನಡುವಿಗೆ ಇಳಿದವು. ಶನಿವಾರ ಬೆಳಗ್ಗೆ ಹೆಡ್ಮೇಷ್ಟ್ರು ಮೂಲೆ ಬಿಟ್ಟು, ತರಗತಿ ನೋಡಲು ಹೊರಟವನ ಹಾಗೆ ಒಂದು ಸುತ್ತು ಬಂದ. ನಾನು ಉಸಿರು ಹಿಡಿದು ನೋಡುತ್ತಿರುವಾಗ ಬಾಗಿಲ ಕಡೆಯಿಂದ ಸಿಡಿಲಿನಂಥ ಒಂದು ದನಿ:

‘ನೀರಿಗೆ ಹಾಲು ಹಾಕ್ತೀಯೋ!’

ಹಾಲಿನವನ ಸೈಕಲ್ ಬಿದ್ದ ಸದ್ದು ಕೇಳಿಸಿತು. ಬುಧವಾರ ಅರ್ಧಕ್ಕೆ ನಿಂತ ಮಾತನ್ನು ದೊಡ್ಡಮ್ಮ ಮುಗಿಸಿದ್ದರು. ಅಮ್ಮ ‘ಪಾರೀ’ ಎಂದು ಕೂಗಿದಳು, ಕೆಲಸವಿಲ್ಲದಿದ್ದರೂ ಮತ್ತೊಮ್ಮೆ ಕೂಗಿದಳು. ಅಪ್ಪ ಮೆಷೀನು ತುಳಿಯುತ್ತ ಯಾವುದೋ ಹಾಡು ಎತ್ತಿಕೊಂಡರು, ಅವರ ಹಾಡು ಕೆಟ್ಟದ್ದೆಂದು ಅವತ್ತು ಯಾರೂ ಹೇಳಲಿಲ್ಲ. ಹಿತ್ತಲಿನಿಂದ ಕೇಳಿಸಿತು, ಮೊದಲು ಮೆಲ್ಲಗೆ, ಆಮೇಲೆ ಹುಣಸೆಮರದ ಕಾಗೆಗಳೆಲ್ಲ ಏಳುವ ಹಾಗೆ: ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ.

ಭಾನುವಾರ ಮೈದಾನದಲ್ಲಿ ಇಡೀ ಊರು. ಆಟವನ್ನೆಲ್ಲ ಹೇಳುತ್ತ ಕುಳಿತರೆ ನಿಮ್ಮ ಹಾಲು ಉಕ್ಕುತ್ತದೆ, ಕೊನೆಗೆ ಬರುತ್ತೇನೆ. ಎರಡೂ ಕಡೆ ಪಾಯಿಂಟ್ ಸಮ. ಹೊನ್ನಿ ರೇಡಿಗೆ ಬಂದಳು. ಶುರುವಿನಿಂದಲೂ ನಾನು ಗಮನಿಸಿದ್ದೆ, ಅವಳ ದನಿ ಅಂಚಿನಲ್ಲಿ ಸವೆದಿತ್ತು. ಅರ್ಧ ಸ್ಪಂಜಿನ ದನಿ. ಅಕ್ಕನ ಕಡೆಗೇ ಬಂದು, ಬಗ್ಗಿ, ಅವಳ ಭುಜ ಮುಟ್ಟಿ ಹಿಂದಕ್ಕೆ ಹಾರುವಾಗ ಆ ದನಿ ಎಷ್ಟು ಸಣ್ಣಗಾಯಿತೆಂದರೆ ನಮ್ಮ ಬೀದಿಯವರೆಲ್ಲ ಎದ್ದು ನಿಂತರು. ‘ದಮ್ಮು ಹೋಯ್ತು! ದನಿ ನಿಂತೋಯ್ತು! ಔಟ್! ಔಟ್!’

ಅಂಪೈರ್ ಆಗಿದ್ದ ಡ್ರಿಲ್ ಮೇಷ್ಟ್ರು ಆಚೆ ಗೆರೆಯ ಹತ್ತಿರವಿದ್ದರು. ಆ ಗಲಾಟೆಯಲ್ಲಿ ಅವರಿಗೆ ಕೇಳಿಸಿರಲಿಲ್ಲ. ನೇರವಾಗಿ ಅಕ್ಕನ ಹತ್ತಿರ ಬಂದರು. ‘ಗುಣಶೀಲ, ನಿನ್ನನ್ನ ಮುಟ್ಟಿದಾಗ ದಮ್ಮಿತ್ತಾ, ಇಲ್ವಾ?’

‘ಇರ್ಲಿಲ್ಲ ಅನ್ನೇ!’ ಎಂದು ನಮ್ಮ ಬೀದಿ ಒಕ್ಕೊರಲಿನಿಂದ ಕೂಗಿತು. ಬಾಳೆಹಣ್ಣಿನವನು ಎಲ್ಲರಿಗಿಂತ ಮುಂದೆ. ಹೊನ್ನಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಏದುಸಿರು ಬಿಡುತ್ತ ಅಕ್ಕನನ್ನೇ ನೋಡುತ್ತಿದ್ದಳು.

‘ಇತ್ತು ಸಾರ್’ ಎಂದಳು ಅಕ್ಕ. ‘ಕಿವಿ ಹತ್ರಾನೇ ಇದ್ಲು. ನಿಂತಿಲ್ಲ.’

ಗಾಣದ ಬೀದಿಗೆ ಪಾಯಿಂಟ್. ಅಕ್ಕ ಔಟಾಗಿ ಗೆರೆಯಾಚೆ ಹೋಗಿ ಕುಳಿತಳು. ನಮ್ಮವರು ಅವಳಿಗೆ ಬೈದ ಬೈಗುಳವನ್ನು ಇಲ್ಲಿ ಹೇಳಲಾರೆ. ದೊಡ್ಡಮ್ಮ ಎದ್ದು ನಿಂತು ಅಷ್ಟೂ ಜನಕ್ಕೆ ಒಬ್ಬರೇ ಉತ್ತರ ಕೊಟ್ಟರು, ಅದನ್ನಂತೂ ಹೇಳುವಂತೆಯೇ ಇಲ್ಲ. ಅಷ್ಟರಲ್ಲಿ ನಮ್ಮ ತಾಯಮ್ಮ, ತಂಡದಲ್ಲೇ ಪುಟ್ಟ ಹುಡುಗಿ, ರೇಡಿಗೆ ಹೋಗಿ ಒಬ್ಬಳ ಮೊಣಕೈ ಮುಟ್ಟಿ ಬಂದುಬಿಟ್ಟಳು. ಮತ್ತೆ ಸಮ. ಅಕ್ಕನಿಗೆ ಮರುಜೀವ. ಅವರ ಮುಂದಿನ ರೇಡ್ ಬರಿಗೈಯಲ್ಲಿ ಹೋಯಿತು. ಕೊನೆಯ ರೇಡ್ ಅಕ್ಕನದು.

ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ಕಬಡ್ಡಿ ಕಬಡ್ಡಿ. ಎಡಕ್ಕೆ ಹೋದ ಹಾಗೆ ಮಾಡಿ ಬಲಕ್ಕೆ ತಿರುಗಿ ಒಬ್ಬಳ ಬೆನ್ನು ಸವರಿದಳು. ಹಿಂದಕ್ಕೆ ಎಗರಿದಳು. ಆಗಲೇ ಹೊನ್ನಿ ನೆಲಕ್ಕೆ ಮೈಚೆಲ್ಲಿ ಅವಳ ಹಿಮ್ಮಡಿ ಹಿಡಿದಳು. ಅದೇ ಕಾಲು. ಅಕ್ಕ ದಬಾರನೆ ಬಿದ್ದಳು, ಬಾಯಿಗೆ ಮಣ್ಣು ತುಂಬಿತು, ಹೊನ್ನಿ ಹೇಳಿದ್ದು ಹೇಳಿದ ಹಾಗೇ ಆಯಿತು. ಇನ್ನೂ ಇಬ್ಬರು ಮೇಲೆ ಬಿದ್ದರು. ಊರಿಗೆ ಊರೇ ಗಪ್‌ಚಿಪ್. ಹೋದ ವರ್ಷ ಕೆಮ್ಮು ಬಂದ ಜಾಗ ಅದು. ಆ ಮೌನದಲ್ಲಿ, ಮೂರು ಜನರ ಕೆಳಗಿನಿಂದ, ಮಣ್ಣಿನೊಳಗಿನಿಂದ, ಕಬಡ್ಡಿ ಕಬಡ್ಡಿ ಕಬಡ್ಡಿ ಎಂದು ಕೇಳಿಸುತ್ತಲೇ ಇತ್ತು. ಗಟ್ಟಿಯಾಗಿ. ಸವೆಯದೆ. ಅಷ್ಟು ದೂರದ ಡ್ರಿಲ್ ಮೇಷ್ಟ್ರಿಗೂ, ಮೈದಾನದಾಚೆಯ ಟೀ ಅಂಗಡಿಯವನಿಗೂ ಕೇಳಿಸಿತು. ಅಕ್ಕ ಮೊಣಕೈ ಊರಿ ಮೂವರನ್ನೂ ಎಳೆದುಕೊಂಡು ತೆವಳಿದಳು. ನನಗೆ ಕಾಣುತ್ತಿದ್ದದ್ದು ಅಕ್ಕನ ಕೈಯಲ್ಲ, ಕಾಫಿ ಚರಟದ ಬಣ್ಣದ ಆ ತುಂಡು. ‘ಎಳಿಯೇ ಗುಣೀ!’ ಎಂದು ದೊಡ್ಡಮ್ಮ ಕೂಗಿದರು. ಬೆರಳು ಗೆರೆ ಮುಟ್ಟಿತು. ಇನ್ನೊಂದು ಸಲ ಕಬಡ್ಡಿ ಎಂದು, ಹಿಡಿದವರೆಲ್ಲ ಔಟಾದ ಮೇಲೆ, ಅಕ್ಕ ಉಸಿರು ಬಿಟ್ಟಳು.

ಆಮೇಲಿನ ಗದ್ದಲ ಕೇಳಬೇಡಿ. ಡೋಲು, ಸಿಳ್ಳೆ, ಅಪ್ಪ ಅಮ್ಮನ ಕೈಹಿಡಿದು ಕುಣಿದದ್ದು! ಬಾಳೆಹಣ್ಣಿನವನು ಒಂದು ಇಡೀ ಗೊನೆ ಹೊತ್ತು ತಂದು ಅಕ್ಕನ ಮುಂದೆ ಇಟ್ಟ. ‘ತಗೋ ತಾಯಿ, ಪೂರ್ತಿದಮ್ಮು’ ಎಂದ. ಅಕ್ಕ ಅಲ್ಲೇ, ಎಲ್ಲರ ಮುಂದೆ, ಮಣ್ಣು ಮೆತ್ತಿದ ಕೈಯಲ್ಲೇ ಸುಲಿದು ನಾಲ್ಕು ಹಣ್ಣು ತಿಂದಳು.

ಮಾರನೆಯ ದಿನ ಡಬ್ಬಿ ವಾಪಸು ಕೊಡಬೇಕಾಗಿತ್ತು. ದೊಡ್ಡಮ್ಮ ಬೆಳಗ್ಗೆಯೇ ಎದ್ದು ಹೋಳಿಗೆ ತಟ್ಟಿದ್ದರು. ಹಿತ್ತಾಳೆ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಒಳಗಿನ ಕಂದು ಲೋಳೆಯನ್ನು ನೋಡಿ, ಹುಣಸೆಹಣ್ಣಿನ ಕಡೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಹುಟ್ಟಿದಾಗಿನಿಂದ ಕೇಳದ ಒಂದು ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು: ‘ಪಾರಿ, ಇದನ್ನ ತೊಳೀಲಾ, ಬೇಡ್ವಾ?’

‘ಡಬ್ಬಿ ತೊಳೀಬಹುದು ದೊಡ್ಡಮ್ಮ.’

‘ಮತ್ತೆ ಮೊದಲೇ ಹೇಳಕ್ಕೇನು ಧಾಡಿ’ ಎಂದು ಬೈದು, ಮುಖ ಕಾಣುವ ಹಾಗೆ ಬೆಳಗಿ, ಹೋಳಿಗೆ ತುಂಬಿ ಕೊಟ್ಟರು.

ಹೊನ್ನಿ ಜಗಲಿಯ ಮೇಲೆ ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಕುಳಿತಿದ್ದಳು. ಒಳಗೆ ಅವರ ತೊಟ್ಟಿ ಚೆನ್ನಾಗಿತ್ತು, ಹಳೆ ಅರ್ಧದ ಪಕ್ಕದ ಹೊಸ ಅರ್ಧ ಆಗಲೇ ಅಂಚಿನಲ್ಲಿ ಬಣ್ಣ ತಿರುಗಿತ್ತು. ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, ‘ನಿಮ್ಮಕ್ಕ ಸುಳ್ಳು ಹೇಳಬಹುದಿತ್ತು’ ಎಂದಳು ಹೊನ್ನಿ, ಇನ್ನೂ ಗೊಗ್ಗರು ದನಿಯಲ್ಲೇ. ‘ಬೀದಿ ಜನ ಎಲ್ಲ ನನ್ನ ಹುಚ್ಚಿ ಅಂತಾರೆ. ಫೈನಲ್ ಮುಂಚೆ ಎದುರಾಳಿಗೆ ದನಿ ಕೊಟ್ಟೋಳು ಅಂತ.’ ತುಪ್ಪದ ಬೆರಳು ನೆಕ್ಕಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು: ‘ನಿಜ ಹೇಳು ಪಾರಿ. ಸಾಯ್ತಾ ಇದ್ದದ್ದು ನಮ್ಮನೆ ಮೀನಾಗಿದ್ದು, ನಾನು ಬಟ್ಟಲು ಹಿಡ್ಕೊಂಡು ನಿಮ್ಮ ಬಾಗಿಲಿಗೆ ಬಂದಿದ್ರೆ, ನೀನು ನಿನ್ನ ಸ್ಪಂಜು ಕತ್ತರಿಸ್ತಿದ್ಯಾ?’

ನನ್ನ ಗಂಟಲಲ್ಲಿ ಅವತ್ತು ಬೇಕಾದಷ್ಟು ದನಿಯಿತ್ತು. ಆದರೂ ಉತ್ತರ ಬರಲು ಹೊತ್ತು ಹಿಡಿಯಿತು. ನಾನು ಏನಂದೆ ಎಂದು ಆಮೇಲೆ ಹೇಳುತ್ತೇನೆ. ಇಷ್ಟು ಕೇಳಿದ್ದೀರಲ್ಲ, ಮೊದಲು ನೀವು ಹೇಳಿ. ಬಿಸಿಲು ಕಂಬದ ಅರ್ಧಕ್ಕಿದೆ, ಬೀದಿಯಲ್ಲಿ ಯಾರೂ ಇಲ್ಲ, ಭಾನುವಾರ ಫೈನಲ್ ಇದೆ. ನೀವಾಗಿದ್ದರೆ ಕೊಡುತ್ತಿದ್ದಿರಾ?